ಮರೆಗೊಂದು ಬಿದಿರು

ಗೋಡೆ ಎತ್ತರಿಸಿದರೆ ಜಗಳ. ಗಿಡ ನೆಟ್ಟರೆ ಯಾರೂ ಏನೂ ಅನ್ನುವ ಹಾಗಿಲ್ಲ. ಪಕ್ಕದ ಮನೆಯ ಮಹಡಿ ಕಿಟಕಿ ನಮ್ಮ ಹಿತ್ತಲಿಗೇ ತೆರೆದುಕೊಳ್ಳುವುದರಿಂದ, ತೂತು ಬನಿಯನ್‌ನಲ್ಲಿ ನೆಮ್ಮದಿಯಾಗಿ ಓಡಾಡಲು ನನಗೊಂದು ಮರೆ ಬೇಕಿತ್ತು. ಬಿದಿರು ತಂದೆ.

ದಾರ ಕಟ್ಟಿ ಗುಂಡಿಗೆ ಗುರುತು ಹಾಕುತ್ತಿದ್ದಾಗಲೇ ಕಿಟಕಿಯಿಂದ ದನಿ ಬಂತು.

"ಏನ್ ಸಾರ್, ಬಿದಿರಾ? ಏನಕ್ಕೆ?"

ನಿಮ್ಮ ಕಣ್ಣಿಗೆ ಅಡ್ಡವಾಗಲಿ ಅಂತ ಹೇಳೋಕಾಗುತ್ತಾ? "ಸುಮ್ನೆ, ಗಾಳಿಗೆ" ಅಂದೆ.

ಅವರು ಇಳಿದು ಬಂದೇಬಿಟ್ಟರು. ಬಿದಿರು ಅಂದರೆ ಎಲ್ಲರಿಗೂ ಇರುವ ಭಯ ಅವರಿಗೂ ಇತ್ತು. "ನಮ್ಮ ಟೈಲ್ಸ್ ಎಬ್ಬಿಸಲ್ಲ ತಾನೇ?" ಹಾಗೆ ಮಾಡುವುದು ಓಡುವ ಜಾತಿ. ಅದರ ಗೆಡ್ಡೆ ಮಣ್ಣಿನಡಿ ಉದ್ದಕ್ಕೆ ಹರಿದು ಕಂಡವರ ಅಂಗಳದಲ್ಲಿ ತಲೆ ಎತ್ತುತ್ತದೆ. ನಾನು ತಂದ ಬಂಬೂಸಾ ಮಲ್ಟಿಪ್ಲೆಕ್ಸ್ ಮೆಳೆ ಕಟ್ಟುವ ಜಾತಿ. ಗೆಡ್ಡೆ ಮೋಟು, ಗೇಣು ದೂರವೂ ಹೋಗದೆ ಮೇಲಕ್ಕೆ ತಿರುಗಿ ಕಳಲೆಯಾಗುತ್ತದೆ. ಮೆಳೆ ಸುತ್ತಲೂ ದಪ್ಪಗಾಗುತ್ತದೆ, ಅಷ್ಟೇ. ಇದನ್ನೆಲ್ಲ ಕೇಳಿ ಸಮಾಧಾನವಾಗಿ ಅವರು ದಾರದ ಇನ್ನೊಂದು ತುದಿ ಹಿಡಿದರು. ಗಿಡದಿಂದ ಗಿಡಕ್ಕೆ 1 ಮೀಟರ್. ಕಾಂಪೌಂಡಿನಿಂದಲೂ ಅಷ್ಟು ಬಿಟ್ಟೆವು, ಹಿಂದೆ ನಿಂತು ಸವರಲು ಜಾಗ ಬೇಕಲ್ಲ. ತಮ್ಮನ್ನು ಮರೆಮಾಡುವ ಪರದೆಗೆ ಆ ಮಹಾನುಭಾವರೇ ಅಳತೆ ಹಿಡಿದರು.

ಆಮೇಲೆ ಏನೂ ಆಗಲಿಲ್ಲ. ಬಿದಿರು ಮೊದಲು ನೆಲದೊಳಗಿನ ಕೆಲಸ ಮುಗಿಸಿಕೊಳ್ಳುತ್ತದೆ, ಮೇಲೆ ನೋಡುವವರಿಗೆ ಬರೀ ಕಡ್ಡಿ. ಬೆಳಗಾದರೆ ಕಿಟಕಿಯಿಂದ ವರದಿ: "ಸತ್ತೋಗಿದೆ ಅನ್ಸುತ್ತೆ ಸಾರ್." ಮರೆಗೆ ಅಂತ ನೆಟ್ಟಿದ್ದನ್ನು ನೋಡಲು ಈಗ ಅವರ ಮನೆಯವರೆಲ್ಲ ಸರದಿಯಲ್ಲಿ ಕಿಟಕಿಗೆ ಬರತೊಡಗಿದರು.

ಮಳೆ ಹಿಡಿದ ಮೇಲೆ ಕಳಲೆ ಬಂತು. ಹಸಿರು ಪೊರೆ ಬಿಗಿಯಾಗಿ ಸುತ್ತಿಕೊಂಡ ಮೊನೆ, ಬೆಳಗಿನ ಹೊತ್ತು ಅದರ ತುದಿಯಲ್ಲೊಂದು ನೀರಿನ ಹನಿ. ಬಿದಿರಿನ ಮಜಾ ಇರುವುದೇ ಇಲ್ಲಿ. ಗಳ ಎಷ್ಟು ದಪ್ಪ ಇರಬೇಕೋ ಅಷ್ಟೇ ದಪ್ಪವಾಗಿ ನೆಲದಿಂದ ಹೊರಡುತ್ತದೆ, ಆಮೇಲೆ ಕೂದಲೆಳೆಯಷ್ಟೂ ದಪ್ಪಗಾಗಲ್ಲ. ಕೆಲವೇ ತಿಂಗಳಲ್ಲಿ ಎತ್ತರವೂ ಮುಗಿಯಿತು. ಎಷ್ಟೇ ಗೊಬ್ಬರ ಹಾಕಿದರೂ ಹಳೇ ಗಳ ಮತ್ತೆ ಬೆಳೆಯುವುದಿಲ್ಲ, ಮುಂದಿನ ವರ್ಷ ಬರುವ ಕಳಲೆ ಅದಕ್ಕಿಂತ ದಪ್ಪ, ಅದಕ್ಕಿಂತ ಎತ್ತರ. ಪಕ್ಕದವರು ಟೇಪ್ ಹಿಡಿದು ಅಳೆದು, ಮಹಡಿಯತ್ತ ಕೂಗಿ ಹೇಳುತ್ತಿದ್ದರು. ಒಂದು ದಿನ ಮೇಲಿಂದ ಅವರ ಶ್ರೀಮತಿ ಅಂದರು, "ಬೇಗ ಬೆಳೀಲಿ ಅಣ್ಣಾ, ನಿಮ್ಮ ಬನಿಯನ್ ನೋಡಿ ನೋಡಿ ಸಾಕಾಗಿದೆ."

ಬೆಳೆಯಿತು. ಕಿಟಕಿ ಪೂರ್ತಿ ಮುಚ್ಚಿತು. ಎಲೆ ವರ್ಷವಿಡೀ ಉದುರುತ್ತದೆ, ಅರ್ಧ ಅವರ ಕಡೆಗೆ. ಬುಡದಲ್ಲೇ ಬಿಟ್ಟರೆ ಗಿಡಕ್ಕೆ ಗೊಬ್ಬರ ಅಂತ ಅವರೇ ಗುಡಿಸಿ, ಬಕೆಟ್‌ನಲ್ಲಿ ತುಂಬಿ ತಂದುಕೊಡುತ್ತಾರೆ.

ದಿನಾ ತರುತ್ತಾರೆ. "ಮೇಲಿಂದ ಏನೂ ಕಾಣಲ್ಲ ಸಾರ್, ಅದಕ್ಕೇ ಇಲ್ಲೇ ಬಂದೆ" ಎಂದು ಹಿತ್ತಲಲ್ಲಿ ಕುರ್ಚಿ ಎಳೆದು ಕೂರುತ್ತಾರೆ. ಮೂರು ನಾಲ್ಕು ವರ್ಷ ದಾಟಿದ ಗಳ ಬುಡಕ್ಕೇ ಕತ್ತರಿಸಬೇಕು ಅನ್ನುವುದನ್ನೂ ಎಲ್ಲೋ ಓದಿಕೊಂಡಿದ್ದಾರೆ. ಯಾವುದು ಹಳೇದು ಅಂತ ತೀರ್ಮಾನ ಅವರದು, ಗರಗಸ ಎಳೆಯುವುದು ನಾನು. ಬನಿಯನ್ ಮೇಲೆ ಈಗ ಶರ್ಟ್ ಹಾಕಿಕೊಂಡೇ ಹಿತ್ತಲಿಗೆ ಹೋಗುತ್ತೇನೆ.