39 ಜಿಬಿಯ ಮದುವೆ

ನಮ್ಮ ಕಾಕಾನ ಮದುವೆಯಾದದ್ದು 2005ರಲ್ಲಿ. ವಿಡಿಯೊ ಕ್ಯಾಮೆರಾದ ಮೂರು ಮಿನಿ ಡಿವಿ ಕ್ಯಾಸೆಟ್‌ಗಳಾಗಿ ಅದು ಟ್ರಂಕಿನಲ್ಲಿ, ಇಳಕಲ್ ಸೀರೆಗಳ ಮಡಿಕೆಯೊಳಗೆ ನುಸಿಗುಳಿಗೆ ವಾಸನೆ ಹಿಡಿದು ಮಲಗಿತ್ತು. ಇಪ್ಪತ್ತು ವರ್ಷವಾಯಿತು, ಬೀಗರನ್ನೆಲ್ಲ ಕೂಡಲಸಂಗಮಕ್ಕೆ ಕರೆದು ಊಟ ಹಾಕಿಸಿ ಟಿವಿಯಲ್ಲಿ ಮದುವೆ ತೋರಿಸಬೇಕೆಂದು ಕಾಕಾ ಹಟ ಹಿಡಿದ. "ನೀ ಕಂಪ್ಯೂಟರ್ ಕಲ್ತಾವ ಅದಿ, ಹತ್ತು ಮಿನಿಟಿನ ಕೆಲಸ."

ಹತ್ತು ಮಿನಿಟು! ಒಂದು ತಾಸಿನ ಡಿವಿ ಟೇಪು ಕಂಪ್ಯೂಟರಿಗೆ ಇಳಿಯಲು ಒಂದು ತಾಸೇ ಬೇಕು, ಸುಮಾರು 13 ಜಿಬಿ ಜಾಗ ಬೇರೆ. ಡಿವಿ ಕ್ಯಾಮೆರಾದ ವಾಯರು ಸಿಕ್ಕಿಸುವ ಫೈರ್‌ವೈರ್ ಕಿಂಡಿ ಇರುವ ಹಳೆಯ ಲ್ಯಾಪ್‌ಟಾಪ್ ಹುಡುಕಿ, ಲಿನಕ್ಸ್ ಹಾಕಿ, ಟರ್ಮಿನಲ್‌ನಲ್ಲಿ ಟೇಪಿನ ವಿಡಿಯೊ ಇಳಿಸಿಕೊಳ್ಳುವ ಆಜ್ಞೆ ಡಿವಿಗ್ರ್ಯಾಬ್ ಎಂದು ಒತ್ತಿದೆ. ಕ್ಯಾಮೆರಾದೊಳಗಿನ ಕ್ಯಾಸೆಟ್ಟು ತಾನೇ ಗಿರ್ರೆಂದು ತಿರುಗತೊಡಗಿತು. "ಯಾರೂ ಮುಟ್ಟಲಾರದ ಹೆಂಗ ಶುರು ಆತೋ ಇದು?" ಎಂದು ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು.

ಮೂರನೇ ಕ್ಯಾಸೆಟ್ಟಿನ ನಡುವೆ ಡಿಸ್ಕ್ ತುಂಬಿತು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಬಾಗಲಕೋಟೆಯ ನವನಗರಕ್ಕೆ ಬಂದವರು ನಾವು. ಮುಳುಗಡೆ ಬಂದರೆ ಏನು ಬಿಡಬೇಕು, ಏನು ಎತ್ತಿಕೊಳ್ಳಬೇಕು ಅಂತ ಗೊತ್ತು. ನನ್ನ ಸಿನಿಮಾಗಳನ್ನೆಲ್ಲ ಅಳಿಸಿದೆ. ಮದುವೆ ಉಳಿಯಿತು.

ಮುಂದೆ ಕೆಡೆನ್‌ಲೈವ್ ಎಂಬ ತಂತ್ರಾಂಶದಲ್ಲಿ ಎಡಿಟಿಂಗ್. ಬೆನ್ನ ಹಿಂದೆ ಇಡೀ ಮನೆ. "ಇಕಿ ಸೋದರಮಾವ ಸಿಟ್ಟಾಗಿ ಎಲಿ ಬಿಟ್ಟು ಎದ್ದಾನಲ್ಲ, ಅದನ್ನ ತಗಿ" ಎಂದ ಕಾಕಾ. "ನಮ್ಮ ತವರವರ ಮಾರಿನ ಕತ್ತರಸ್ತೀರಿ?" ಎಂದು ಕಾಕು ಒಳಗಿನಿಂದಲೇ ಕೂಗಿದಳು. ನಾಲ್ಕು ರಾತ್ರಿ ಕೂತು, ಮಾವನನ್ನು ಕತ್ತರಿಸಿ, ಮೂರು ತಾಸನ್ನು 22 ಮಿನಿಟಿಗೆ ಇಳಿಸಿ, ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊರಟೆ.

ಸಂಗಮದಲ್ಲಿ ಟಿವಿಗೆ ಚುಚ್ಚಿದರೆ ಏನೂ ಇಲ್ಲ. ಆಗ ಹೊಳೆಯಿತು: ನಾನು ತಂದದ್ದು ಪ್ರಾಜೆಕ್ಟ್ ಫೈಲು. ಅದರಲ್ಲಿ ವಿಡಿಯೊ ಇರುವುದಿಲ್ಲ, ಯಾವ ತುಣುಕು ಎಲ್ಲಿಂದ ಎಲ್ಲಿಯವರೆಗೆ ಎಂಬ ಲೆಕ್ಕ ಮಾತ್ರ. ಸಂತೆಗೆ ಹೋದವನು ಕಾಯಿಪಲ್ಯೆ ಬಿಟ್ಟು ಚೀಟಿಯನ್ನಷ್ಟೇ ಚೀಲದಲ್ಲಿ ತಂದಂತೆ. ತುಣುಕುಗಳನ್ನೆಲ್ಲ ಜೋಡಿಸಿ ಒಂದೇ ವಿಡಿಯೊ ಮಾಡುವ ರೆಂಡರ್ ಎಂಬ ಗುಂಡಿಯನ್ನೇ ಒತ್ತಿರಲಿಲ್ಲ. ಲ್ಯಾಪ್‌ಟಾಪ್ ಬಾಗಲಕೋಟೆಯಲ್ಲಿತ್ತು. ಕಾಕಾ ನನ್ನತ್ತ ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಪುಣ್ಯಕ್ಕೆ, ನನ್ನ ಮೇಲೆ ನಂಬಿಕೆ ಇಲ್ಲದ ಕಾಕು ಮೂರೂ ಕ್ಯಾಸೆಟ್‌ಗಳನ್ನು ತನ್ನ ಚೀಲದಲ್ಲಿ ತಂದಿದ್ದಳು. ಅವತ್ತಿನ ಊಟ ಚಿತ್ರಿಸಲೆಂದು ಒಯ್ದಿದ್ದ ಕ್ಯಾಮೆರಾವನ್ನೇ ಹಳದಿ-ಕೆಂಪು-ಬಿಳಿ ವಾಯರಿನಿಂದ ಟಿವಿಗೆ ಸಿಕ್ಕಿಸಿದೆ. ಏನೂ ಕತ್ತರಿಸದ ಮದುವೆ ಶುರುವಾಯಿತು. ಅಕ್ಕಿಕಾಳು ಬಿತ್ತು, ಪಂಕ್ತಿ ಕೂತಿತು, ಸೋದರಮಾವ ಎಲೆ ಬಿಟ್ಟು ಎದ್ದ. ನಿಜವಾದ ಸೋದರಮಾವ ಮೊದಲ ಸಾಲಿನಲ್ಲೇ ಕುಳಿತಿದ್ದ. ಯಾರೂ ಉಸಿರು ಬಿಡಲಿಲ್ಲ.

"ತಮ್ಮಾ, ಒಂಚೂರು ಹಿಂದಕ್ಕ ಹೋಗು. ಅಲ್ಲೇ, ನಿಲ್ಲಸು. ನೋಡ್ರಿ ಎಲ್ಲಾರೂ, ನನ್ನ ಹುಗ್ಗಿಗೆ ತುಪ್ಪ ಐತೇನ?"

ಇರಲಿಲ್ಲ. ನಾಲ್ಕು ರಾತ್ರಿ ಅದೇ ತುಣುಕನ್ನು ಕತ್ತರಿಸುತ್ತ ಕೂತ ನನಗೂ ಕಂಡಿರಲಿಲ್ಲ.