ಹಳೇ ವೈರ್ ಸುಲಿಯಲು ಮನೆಯಲ್ಲೇ ಮಿಷನ್: ಬೇಕೇ, ಬೇಡವೇ?

ಪರ: ಬೆಂಕಿ ಹಚ್ಚುವ ಬದಲು ಒಂದು ಬೋಲ್ಟು ತಿರುಗಿಸಿ

ಹಳೇ ಮನೆಯ ರೀವೈರಿಂಗ್ ಹಿಡಿದರೆ ಮೊದಲ ದಿನವೆಲ್ಲ ಎಳೆಯೋದೇ ಕೆಲಸ. ಪೈಪಿನೊಳಗೆ ಇಪ್ಪತ್ತು ವರ್ಷ ಕೂತ ವೈರು ಕರೆದ ಕೂಡಲೇ ಈಚೆ ಬರುವುದಿಲ್ಲ. ಸಂಜೆ ಹೊತ್ತಿಗೆ ಮೂಲೆಯಲ್ಲಿ ಸಿಮೆಂಟ್ ಮೂಟೆಯಷ್ಟು ಗೋಜಲು ಬಿದ್ದಿರುತ್ತದೆ. ಅದನ್ನು ಹಾಗೇ ಗುಜರಿಗೆ ಹಾಕಬಹುದು, ಸುಡಬಹುದು, ಇಲ್ಲಾ ಸುಲಿಯಬಹುದು. ಬೆಂಗಳೂರಿನಲ್ಲಿ ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ಮಾಡಿಕೊಂಡಿರುವ ನಾನು ಮೂರನ್ನೂ ನೋಡಿದ್ದೇನೆ. ಎರಡನೆಯದನ್ನು ಮಾಡಿಯೂ ಇದ್ದೇನೆ, ಅಸಿಸ್ಟೆಂಟ್ ಆಗಿದ್ದ ಕಾಲದಲ್ಲಿ. ಹೇಳಿಕೊಳ್ಳುವ ಸಂಗತಿಯಲ್ಲ.

ಮೇಲಿನ ಪಿವಿಸಿ ಪ್ಲಾಸ್ಟಿಕ್ಕಿನ ಸಿಪ್ಪೆ ಸಮೇತ ಗುಜರಿಗೆ ಹಾಕಿದರೆ ಏನಾಗುತ್ತದೆ ನೋಡಿ. ಗುಜರಿಯವರು ಮೂಟೆಯೊಳಗೆ ಕೈಯಾಡಿಸಿ, ಕಣ್ಣಳತೆಯಲ್ಲೇ “ಅರ್ಧ ತಾಮ್ರ, ಅರ್ಧ ಪ್ಲಾಸ್ಟಿಕ್” ಅಂತ ರೇಟು ಮುರಿಯುತ್ತಾರೆ. ನಿಜವಾದ ಲೆಕ್ಕ ಹಾಗಿಲ್ಲ. ಪ್ಲಗ್ ಪಾಯಿಂಟಿಗೆ ಎಳೆಯುವ 2.5 ಚದರ ಮಿ.ಮೀ. ವೈರನ್ನೇ ತೆಗೆದುಕೊಳ್ಳಿ. ತಾಮ್ರ ಘನ ಸೆಂ.ಮೀ.ಗೆ 8.96 ಗ್ರಾಂ ತೂಗುತ್ತದೆ, ಅಂದರೆ ಮೀಟರಿಗೆ 22 ಗ್ರಾಂ ಚಿಲ್ಲರೆ, 90 ಮೀಟರಿನ ಒಂದು ಕಾಯಿಲಿಗೆ, ಅಂದರೆ ಸುರುಳಿಗೆ, 2 ಕೇಜಿ ತಾಮ್ರ. ಸಿಪ್ಪೆಯ ದಪ್ಪ 0.8 ಮಿ.ಮೀ. ಹಿಡಿದರೆ ಅದು ಮೀಟರಿಗೆ 10 ಗ್ರಾಂ ಆಸುಪಾಸು ತೂಗುತ್ತದೆ. ಮೂರರಲ್ಲಿ ಎರಡು ಪಾಲಿಗೂ ಕೊಂಚ ಜಾಸ್ತಿಯೇ ತಾಮ್ರವಾಯಿತು. ಅರ್ಧದ ಲೆಕ್ಕಕ್ಕೆ ಒಪ್ಪಿಕೊಂಡರೆ ಪ್ರತಿ ಕೇಜಿ ವೈರಿನ ಜೊತೆ 170 ಗ್ರಾಂಗೂ ಹೆಚ್ಚು ತಾಮ್ರವನ್ನು ದಾನ ಮಾಡಿ ಬಂದ ಹಾಗೆ. ಆ ತಾಮ್ರ ಮನೆಯವರದ್ದು, ಇಲ್ಲವೇ ಮಾತಿನಲ್ಲಿ ಬಿಟ್ಟುಕೊಟ್ಟಿದ್ದರೆ ನಮ್ಮ ಹುಡುಗರ ಊಟದ ದುಡ್ಡು.

ಈ ವ್ಯತ್ಯಾಸವೇ ಬೆಂಕಿ ಹಚ್ಚಿಸುವುದು. ಖಾಲಿ ಸೈಟು, ಒಂದು ಹಳೇ ಟಯರು, ಅರ್ಧ ಗಂಟೆ, ಕೆಲಸ ಮುಗಿಯಿತು. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನೇ. ಸುಟ್ಟಾಗ ಅದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಾಗಿ ಗಂಟಲು ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಡಯಾಕ್ಸಿನ್ ಅನ್ನುವ, ಬಹುಕಾಲ ಕರಗದೆ ಉಳಿಯುವ ವಿಷ. ಅದು ಹುಟ್ಟುವುದಕ್ಕೆ ತಾಮ್ರವೇ ವೇಗವರ್ಧಕ, ಹಾಗಾಗಿ ವೈರ್ ಸುಡುವುದು ಬರೀ ಪ್ಲಾಸ್ಟಿಕ್ ಸುಡುವುದಕ್ಕಿಂತ ಕೇಡು. ಇಂಥ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ 2001ರ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಯಲ್ಲಿ ತಾಮ್ರದ ಕೇಬಲ್ ಸುಡುವುದನ್ನು ಹೆಸರಿಟ್ಟೇ ಸೇರಿಸಿದ್ದಾರೆ. 2006ರಲ್ಲಿ ಭಾರತವೂ ಅದನ್ನು ಅನುಮೋದಿಸಿದೆ. ಕಸ ವಿಲೇವಾರಿಗಾಗಿ ಹೋರಾಡಿದ ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಅಂದಿತು. ದಂಡ ಕಟ್ಟಿದವರನ್ನು ನಾನಂತೂ ಕಂಡಿಲ್ಲ. ಆದ್ದರಿಂದಲೇ ಹೇಳುತ್ತೇನೆ, ಬೆಂಕಿ ಆರಿಸಬೇಕಾದರೆ ಅದಕ್ಕಿಂತ ಸಲೀಸಾದ ದಾರಿ ಕೈಗೆ ಸಿಗಬೇಕು.

ಕಟ್ಟರ್ ಹಿಡಿದು ಸುಲಿಯುವುದು ಸಲೀಸಲ್ಲ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಮೂರು ಹೊಲಿಗೆಯ ಗುರುತಿದೆ. ಹೊಲಿಗೆ ಬಿಚ್ಚಿಸಿಕೊಂಡು ಬಂದ ವಾರವೇ ಮಿಷನ್ ಮಾಡಲು ಕೂತೆ.

ಅದರ ಜೀವ ಒಂದು ವೈಪರ್ ಮೋಟರ್. ಶಿವಾಜಿನಗರದ ಗುಜರಿಯಲ್ಲಿ ಹಳೇ ಕಾರಿನಿಂದ ಬಿಚ್ಚಿದ್ದು, 12 ವೋಲ್ಟ್. ಅದೇ ಯಾಕೆಂದರೆ ಹೊಟ್ಟೆಯೊಳಗೇ ವರ್ಮ್ ಗೇರ್, ಅಂದರೆ ವೇಗ ಇಳಿಸಿ ಬಲ ಹೆಚ್ಚಿಸುವ ತಿರುಪಿನ ಗೇರ್, ಇರುತ್ತದೆ. ನಿಮಿಷಕ್ಕೆ ಸುಮಾರು 40ರಿಂದ 60 ಸುತ್ತು ಅಷ್ಟೇ, ಆದರೆ ಎಳೆತ ಎತ್ತಿನದು. ಶಾಫ್ಟಿಗೆ 40 ಮಿ.ಮೀ. ರೋಲರ್ ಹಾಕಿ, ಲೇತಿನಲ್ಲಿ ನಡುವೆ ವಿ ಗ್ರೂವ್ ತೆಗೆಸಿ, ವೈರ್ ಜಾರದಂತೆ ನರ್ಲಿಂಗ್, ಅಂದರೆ ಮೇಲ್ಮೈ ಒರಟು ಗೀರು, ಮಾಡಿಸಿದೆ. ಮೇಲೆ ಬೇರಿಂಗಿನಲ್ಲಿ ಕೂತ ಗುಂಡನೆಯ ಬ್ಲೇಡು. ಬ್ಲೇಡಿನ ಬ್ರಾಕೆಟ್ಟನ್ನು ಒಂದು ಬೋಲ್ಟು ಕೆಳಕ್ಕೆ ಒತ್ತುತ್ತದೆ, ಸ್ಪ್ರಿಂಗು ಮೇಲಕ್ಕೆ ಎತ್ತುತ್ತದೆ. ಎಲ್ಲ ಸೇರಿ ಒಂದು ಕಬ್ಬಿಣದ ಆಂಗಲ್ ತುಂಡಿನ ಮೇಲೆ ಕೂತಿದೆ. ಹೊಲಿಗೆ ಮಿಷನ್ನಿಗಿಂತ ಚಿಕ್ಕದು.

ಇಡೀ ಆಟ ಆ ಬೋಲ್ಟಿನಲ್ಲಿದೆ. ಸಾಧಾರಣ 8 ಮಿ.ಮೀ. ಬೋಲ್ಟು ಒಂದು ಸುತ್ತಿಗೆ 1.25 ಮಿ.ಮೀ. ಇಳಿಯುತ್ತದೆ. ಬ್ಲೇಡು ಸಿಪ್ಪೆಗೆ ತಾಗಿದ ಮೇಲೆ ಅರ್ಧ ಸುತ್ತು ತಿರುಗಿಸಿದರೆ 0.6 ಮಿ.ಮೀ. ಕೊಯ್ಯುತ್ತದೆ. 0.8ರ ಸಿಪ್ಪೆಗೆ ಅಷ್ಟು ಸಾಕು, ಉಳಿದದ್ದು ತಾನೇ ಬಿರಿಯುತ್ತದೆ. ಹೆಚ್ಚು ಬಿಗಿದರೆ ಬ್ಲೇಡಿನ ಅಂಚಿನಲ್ಲಿ ಕೆಂಪಗೆ ತಾಮ್ರದ ಪುಡಿ ಮಿಂಚುತ್ತದೆ, ಸದ್ದೂ ಕಿರ್ ಅಂತ ಬದಲಾಗುತ್ತದೆ. ಕಮ್ಮಿ ಬಿಗಿದರೆ ಬರೀ ಗೀರು. ಸರಿಯಾಗಿ ಕೂತಾಗ ಈ ಕಡೆಯಿಂದ ಕೆಂಪು ವೈರು ಒಳಗೆ ಹೋಗಿ, ಆ ಕಡೆ ಬೆನ್ನು ಸೀಳಿಕೊಂಡು ಬರುತ್ತದೆ. ಎರಡು ಬೆರಳಿನಲ್ಲಿ ಎಳೆದರೆ ಸೊಗಡಿನ ಅವರೆಕಾಯಿ ಸಿಪ್ಪೆ ಬಿಡಿಸಿದ ಹಾಗೆ ಬಿಟ್ಟುಕೊಳ್ಳುತ್ತದೆ.

50 ಸುತ್ತಿನ ವೇಗದಲ್ಲಿ ನಿಮಿಷಕ್ಕೆ 6 ಮೀಟರ್. ಒಂದು ಕಾಯಿಲಿಗೆ ಕಾಲು ಗಂಟೆ ಹಿಡಿಯಿರಿ, ಗಂಟು ಬಿಡಿಸುವ ಹೊತ್ತು ಬೇರೆ. ಬೆರಳು ರೋಲರಿನ ಹತ್ತಿರ ಹೋಗದಂತೆ ಮುಂದೆ ವೈರು ಹಾಯಿಸುವ ಆರಿಂಚು ಉದ್ದದ ಕಂಡ್ಯೂಟ್ ಪೈಪು ಕಟ್ಟಿದ್ದೇನೆ. ಸ್ವಿಚ್ಚು ಕಾಲಲ್ಲಿ. ಕಾಲೆತ್ತಿದರೆ ನಿಂತಿತು. ಮುಗಿದ ಮೇಲೆ ಮನೆಯವರ ಮುಂದೆಯೇ ತಾಮ್ರ ತೂಗಿ ಚೀಟಿ ಬರೆಯುತ್ತೇನೆ. ಹೀಗೆ ತೂಗಿ ತೋರಿಸಲು ಶುರು ಮಾಡಿದ ಮೇಲೆ “ವೈರಲ್ಲಿ ಎಷ್ಟು ಹೊಡೆದೆ” ಅನ್ನುವ ಅನುಮಾನದ ನೋಟವೂ ಕಮ್ಮಿಯಾಗಿದೆ. ನನ್ನ ಮಟ್ಟಿಗೆ ಮಿಷನ್ನಿನ ಖರ್ಚು ಅಲ್ಲೇ ಹುಟ್ಟಿತು.

ವಿರೋಧ: ಸಿಪ್ಪೆ ಸುಮ್ಮನೆ ಇರುವುದಲ್ಲ

ನಮ್ಮ ಮಾವನವರ ಎಡಗೈ ತೋರುಬೆರಳಿಗೆ ಉಗುರಿಲ್ಲ. ಅರಸೀಕೆರೆ ಕಡೆಯ ನಮ್ಮ ಗುಜರಿ ಅಂಗಡಿಯಲ್ಲಿ ಅವರೂ ಒಂದು ಮಿಷನ್ ಮಾಡಿದ್ದರು, ಹೆಚ್ಚುಕಮ್ಮಿ ಮೇಲೆ ಹೇಳಿದಂಥದ್ದೇ. ಕೈಗೆ ಗಾಯವಾಗಬಾರದೆಂದು ಬಟ್ಟೆಯ ಗ್ಲೌಸು ಹಾಕಿಕೊಂಡಿದ್ದರು. ರೋಲರು ಮೊದಲು ಹಿಡಿದದ್ದು ಆ ಗ್ಲೌಸಿನ ತುದಿಯನ್ನು.

ನಿಧಾನ ತಿರುಗುತ್ತದೆ, ಹಾಗಾಗಿ ಭಯವಿಲ್ಲ ಎನ್ನುವವರಿಗೆ ಒಂದು ಮಾತು. ವೈಪರ್ ಮೋಟರಿನ ವರ್ಮ್ ಗೇರು ಮೋಟರಿನ ಕಡೆಯಿಂದ ಮಾತ್ರ ತಿರುಗುತ್ತದೆ, ರೋಲರಿನ ಕಡೆಯಿಂದ ತಿರುಗಿಸಲು ಹೋದರೆ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಕಾಲೆತ್ತಿದರೆ ಮಿಷನ್ ನಿಲ್ಲುತ್ತದೆ, ಸರಿ. ಬೆರಳು? ಅದು ಕಚ್ಚಿದ ಜಾಗದಲ್ಲೇ ಇರುತ್ತದೆ. ನನ್ನ ಗಂಡ ಸ್ಪ್ಯಾನರ್ ತಂದು ಆ ಬೋಲ್ಟನ್ನು ಸಡಿಲಿಸುವವರೆಗೂ ಮಾವನವರು ತುಟಿ ಕಚ್ಚಿಕೊಂಡು ನಿಂತೇ ಇದ್ದರು. ಕಂಡ್ಯೂಟ್ ಪೈಪು ಒಳ್ಳೆಯ ಉಪಾಯ, ಒಪ್ಪುತ್ತೇನೆ. ಆದರೆ ವೈರು ಒಳಗೆ ಮುದುಡಿ ಸಿಕ್ಕಿಕೊಂಡ ದಿನ ಆ ಪೈಪು ಬಿಚ್ಚಿಡುತ್ತಾರೆ. ಮತ್ತೆ ಕಟ್ಟುವುದಿಲ್ಲ. ಗಂಡಸರ ಕೈಯ ಯಾವ ಗಾರ್ಡೂ ಆರು ತಿಂಗಳು ಬಾಳಿದ್ದು ನಾನು ಕಂಡಿಲ್ಲ.

ಲೆಕ್ಕದ ವಿಷಯ. ಅಂಗಡಿಯ ಪುಸ್ತಕ ಬರೆಯುವವಳು ನಾನೇ. ಮೇಲಿನ ಲೆಕ್ಕ ತಪ್ಪಿಲ್ಲ, ಆದರೆ ಅದು ರೀವೈರಿಂಗಿನ ದಪ್ಪ ವೈರಿನ ಲೆಕ್ಕ. ನಮ್ಮ ತಕ್ಕಡಿಗೆ ಬರುವುದು ಚಾರ್ಜರ್ ವೈರು, ಇಯರ್‌ಫೋನು, ಟೀವಿ ಕೇಬಲ್, ಮಿಕ್ಸಿ ಕಾರ್ಡು. ಕೂದಲೆಳೆಯಂಥ ತಂತಿಯನ್ನು ಬ್ಲೇಡು ಸಿಪ್ಪೆಯ ಜೊತೆಗೇ ಕತ್ತರಿಸಿ ಹಾಕುತ್ತದೆ. ಎಷ್ಟೋ ಟೀವಿ ಕೇಬಲಿನ ನಡುವಿನ ತಂತಿ ತಾಮ್ರದ ಲೇಪನದ ಕಬ್ಬಿಣ, ಆಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಅಗ್ಗದ ವೈರುಗಳಲ್ಲಿ ಅಲ್ಯುಮಿನಿಯಂ ಮೇಲೆ ತಾಮ್ರ ಬಳಿದಿರುತ್ತಾರೆ. ಇವನ್ನೆಲ್ಲ ಸುಲಿದ ಮೇಲೆ ಗೊತ್ತಾಗಿ ಏನು ಬಂತು?

ಇನ್ನು ರೇಟು. ಹೊರದೇಶದ ವ್ಯಾಪಾರದಲ್ಲಿ ಗುಜರಿ ತಾಮ್ರಕ್ಕೆ ಬಾರ್ಲಿ, ಬೆರಿ, ಬರ್ಚ್ ಅಂತೆಲ್ಲ ಕಾಳಿನ, ಹಣ್ಣಿನ, ಮರದ ಹೆಸರು ಇಟ್ಟಿದ್ದಾರೆ. ಮೊದಲ ದರ್ಜೆಯ ಬಾರ್ಲಿ, ಬೆರಿಗೆ ತಂತಿ 16 ಗೇಜಿಗಿಂತ, ಅಂದರೆ 1.29 ಮಿ.ಮೀ.ಗಿಂತ ಸಣ್ಣಗಿರಬಾರದು. ಈಗಿನ 2.5ರ ವೈರು ಬಿಚ್ಚಿ ನೋಡಿ, 0.3 ಮಿ.ಮೀ.ಯ 36 ಎಳೆ ಇರುತ್ತದೆ. ಎಷ್ಟು ಫಳಫಳ ಹೊಳೆದರೂ ಆ ಪಟ್ಟಿಯ ಪ್ರಕಾರ ಅದಕ್ಕೆ ಮೊದಲ ಪಂಕ್ತಿಯಲ್ಲಿ ಎಲೆ ಇಲ್ಲ. ಸಣ್ಣ ಊರಿನ ಅಂಗಡಿ ಅಷ್ಟು ನೋಡುವುದಿಲ್ಲ, ನಮ್ಮಿಂದ ಕೊಳ್ಳುವವರು ನೋಡುತ್ತಾರೆ.

ಸುಲಿದ ಸಿಪ್ಪೆ ಎಲ್ಲಿಗೆ ಹೋಗುತ್ತದೆಂದು ಯಾರೂ ಬರೆಯುವುದಿಲ್ಲ. ಬೆಂಕಿ ಆರಿಸುವ ಮಿಷನ್ ಅಂತ ಹೇಳಿದಿರಿ. ನಮ್ಮಲ್ಲಿ ಚೀಲಗಟ್ಟಲೆ ಸಿಪ್ಪೆ ಹಿತ್ತಲಲ್ಲಿ ಬಿದ್ದಿತ್ತು, ಸಣ್ಣ ಪ್ರಮಾಣಕ್ಕೆ ಕೊಳ್ಳುವವರಿಲ್ಲ. ಮಳೆಗಾಲದ ಒಂದು ಬೆಳಗ್ಗೆ ನೋಡಿದರೆ ನಮ್ಮತ್ತೆಯವರು ಹಸಿ ಸೌದೆ ಹೊತ್ತಿಸಲು ಅದನ್ನೇ ಬಚ್ಚಲ ಒಲೆಗೆ ತುರುಕುತ್ತಿದ್ದರು! ಸೈಟಿನಲ್ಲಿ ಉರಿಯಬೇಕಾದದ್ದು ಮನೆಯೊಳಗೆ ಉರಿಯಿತು. ಹಳೇ ಕಾಲದ ಪಿವಿಸಿ ಸಿಪ್ಪೆ ಬಿಸಿಗೆ ಕೆಡದಿರಲೆಂದು ಸೀಸದ ಲವಣ ಬೆರೆಸುತ್ತಿದ್ದರು. ಒಣಗಿ ಪೆಡಸಾದ ಸಿಪ್ಪೆ ರೋಲರಿಗೆ ಸಿಕ್ಕಿ ಪುಡಿಯಾದರೆ, ಆ ಧೂಳು ಗುಡಿಸುವವರ ಮೂಗಿಗೇ ಹೋಗುತ್ತದೆ. ಗುಡಿಸುವವಳು ಯಾರೆಂದು ಹೇಳಬೇಕಿಲ್ಲ.

ಇಷ್ಟಿದ್ದೂ, ಸ್ವಂತ ಸೈಟಿನ ವೈರನ್ನು ಸುಲಿದುಕೊಳ್ಳುವವರ ಜೊತೆ ನನಗೆ ಜಗಳವಿಲ್ಲ. ಮಾಡಲೇಬೇಕೆಂದರೆ ಮೋಟರು ಬಿಟ್ಟು ಕೈಯಲ್ಲಿ ತಿರುಗಿಸುವ ಹಿಡಿ ಹಾಕಿಕೊಳ್ಳಿ. ಬೆರಳಿಗೆ ತಾಗಿದರೆ ತಿರುಗಿಸುವ ಕೈ ತಾನೇ ನಿಲ್ಲುತ್ತದೆ. ನನ್ನ ತಕರಾರು ಮಿಷನ್ ಊರೂರಿಗೆ ಹಬ್ಬುವುದರ ಬಗ್ಗೆ.

ನಮ್ಮದು ತೆಂಗಿನ ಸೀಮೆ, ತೋಟಕ್ಕೊಂದು ಬೋರ್‌ವೆಲ್. ಸ್ಟಾರ್ಟರಿನಿಂದ ಬೋರ್‌ವರೆಗೆ 50 ಮೀಟರ್ ಕೇಬಲ್ ಎಳೆದಿದ್ದರೆ, 4 ಚದರ ಮಿ.ಮೀ.ಯ ಮೂರು ಎಳೆಯಲ್ಲಿ 5 ಕೇಜಿಗೂ ಹೆಚ್ಚು ತಾಮ್ರ. ರಾತ್ರಿ ಕತ್ತರಿಸಿಕೊಂಡು ಹೋದರೆ ಬೆಳಗ್ಗೆ ತೋಟಕ್ಕೆ ನೀರಿಲ್ಲ. ಕದ್ದದ್ದೆಂದು ಗೊತ್ತಿದ್ದೂ ಕೊಂಡರೆ ಅಂಗಡಿಯವರಿಗೂ ಕೇಸು, ಹಿಂದೆ ಐಪಿಸಿ 411, ಈಗ ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 317ನೇ ಕಲಂ. ಗೊತ್ತಾಗುವುದು ಹೇಗೆ? ಸಿಪ್ಪೆಯಿಂದ. ಅದರ ಮೇಲೆ ಕಂಪನಿ ಹೆಸರು, ಐಎಸ್‌ಐ ಗುರುತು, ಅಳತೆ ಅಚ್ಚಾಗಿರುತ್ತದೆ. ಚಪ್ಪಟೆ ಕೇಬಲ್ ಕಂಡ ಕೂಡಲೇ ಪಂಪ್‌ಸೆಟ್ಟಿನದು ಎಂದು ತಿಳಿಯುತ್ತದೆ, ನಾಲ್ಕು ಪ್ರಶ್ನೆ ಕೇಳಬಹುದು. ಸುಟ್ಟು ತಂದರೆ ಕಪ್ಪು ಬಣ್ಣವೇ ಅನುಮಾನ ಹುಟ್ಟಿಸುತ್ತದೆ. ಮಿಷನ್ನಿನಲ್ಲಿ ಸುಲಿದ ಹೊಳೆಯುವ ತಾಮ್ರಕ್ಕೆ ಮಾತ್ರ ಊರಿಲ್ಲ, ಹೆಸರಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಕೇಬಲ್ ಸುರುಳಿ ತಂದ. ತನ್ನ ಅಜ್ಜನ ತೋಟದ್ದು, ಹೊಸದು ಹಾಕಿಸಿದ್ವಿ ಅಂದ. ನಾನು ನಂಬಿದೆ, ತೂಗಿದೆ, ದುಡ್ಡು ಕೊಟ್ಟೆ. ಮಿಷನ್ ಆಗಲೇ ಮೂಲೆ ಸೇರಿತ್ತಾದ್ದರಿಂದ ಸುರುಳಿ ಹಾಗೇ ಗೋಡೆಗೆ ನೇತುಬಿದ್ದಿತ್ತು. ನಾಲ್ಕನೇ ದಿನ ವಯಸ್ಸಾದ ಯಜಮಾನರೊಬ್ಬರು ಬಂದರು. ಏನೂ ಕೇಳಲಿಲ್ಲ, ಸುರುಳಿಯನ್ನು ಕೈಯಲ್ಲಿ ಸರಿಸುತ್ತಾ ಹೋಗಿ ಒಂದು ಜಾಯಿಂಟ್ ಹತ್ತಿರ ನಿಂತರು.

“ಅವ್ವಾ, ಇದರೊಳಗೆ ಸೈಕಲ್ ಟ್ಯೂಬ್ ಐತೆ ನೋಡು. ಟೇಪು ಸಾಲದೆ ಸುತ್ತಿದ್ದೆ.”

ಉಗುರಿನಲ್ಲಿ ಟೇಪು ಕಿತ್ತು ನೋಡಿದೆ. ಒಳಗೆ ಕಪ್ಪು ಟ್ಯೂಬಿನ ತುಂಡು, ಅದರ ಮೇಲೆ ಪಂಕ್ಚರ್ ಹಾಕಿದ ಪ್ಯಾಚು ಕೂಡ ಇತ್ತು.