ಅಪ್‌ಲೋಡ್ ಮೇಷ್ಟ್ರ ಗೋಳು

ನಾನು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ನೇಮಕದ ಪತ್ರದಲ್ಲಿ ಹಾಗಂತ ಇದೆ. ಈಗ ಮಾಡುತ್ತಿರುವ ಕೆಲಸ ಮಾತ್ರ ಅಪ್‌ಲೋಡ್.

ಹಾಜರಿಯನ್ನು ಮೊದಲು ಪುಸ್ತಕದಲ್ಲಿ ಬರೆಯಬೇಕು. ಅದನ್ನೇ ಆ್ಯಪಿನಲ್ಲಿ ಒತ್ತಬೇಕು. ತಿಂಗಳ ಕೊನೆಗೆ ಎಕ್ಸೆಲ್‌ನಲ್ಲಿ ತುಂಬಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಕಳಿಸಬೇಕು. ಡಿಜಿಟಲ್ ಆದರೆ ಕಾಗದ ಉಳಿಯುತ್ತದೆ ಅಂದಿದ್ದರು, ಅಲ್ವಾ?

ಇಂಟರ್ನಲ್ ಮಾರ್ಕ್ಸ್ ತುಂಬುವ ದಿನವಂತೂ ಕೇಳಲೇಬೇಡಿ. 60 ಮಕ್ಕಳ ಅಂಕ ಹಾಕಿ 'ಸೇವ್' ಒತ್ತಿದರೆ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಆಮೇಲೆ ಮತ್ತೆ ಲಾಗಿನ್ ಪುಟ. ಒಟಿಪಿ ಹೋಗುವುದು ಪ್ರಿನ್ಸಿಪಾಲರ ಮೊಬೈಲಿಗೆ. ಅವರು ಮೀಟಿಂಗಿನಲ್ಲಿ.

ಆನ್‌ಲೈನ್ ಪಾಠದ ಮೇಲೆ ನನಗೆ ಸಿಟ್ಟಿಲ್ಲ. 2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ 'ಸ್ವಯಂ' ಒಳ್ಳೆಯದೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಅಲ್ಲಿಂದಲೇ ಮಾಡಬಹುದು. ಆದರೆ ಅಲ್ಲಿ ಜಾಸ್ತಿ ಪಾಠ ಇಂಗ್ಲಿಷಿನಲ್ಲಿ. ನನ್ನ ಮಕ್ಕಳು ಕನ್ನಡ ಮಾಧ್ಯಮದವರು. ಸುಮ್ನೆ ವಿಡಿಯೊ ಓಡಿಸಿಬಿಟ್ಟು ಕ್ಯಾಂಟೀನಿಗೆ ಹೋಗುತ್ತಾರೆ. ಬೈಯಲೂ ಮನಸ್ಸು ಬರುವುದಿಲ್ಲ.

ಇನ್ನು ಅಸೈನ್‌ಮೆಂಟ್. ರಾತ್ರಿ ಹನ್ನೊಂದೂವರೆಗೆ ವಾಟ್ಸ್ಆ್ಯಪಿಗೆ ಅಡ್ಡಡ್ಡ ತೆಗೆದ ಫೋಟೊ ಬರುತ್ತದೆ. ಮೂಲೆಯಲ್ಲಿ ಬೆಡ್‌ಶೀಟಿನ ಹೂವು. ಕುತ್ತಿಗೆ ವಾಲಿಸಿಕೊಂಡು ಓದುತ್ತೇನೆ. ನಿನ್ನೆ ಒಬ್ಬ ಗೆಳೆಯನದ್ದನ್ನೇ ಫಾರ್ವರ್ಡ್ ಮಾಡಿದ್ದ, ಅದರ ಮೇಲೆ ಗೆಳೆಯನ ಹೆಸರು ಹಾಗೇ ಇತ್ತು. ಕೇಳಿದರೆ, "ಸರ್, ನೆಟ್‌ವರ್ಕ್ ಪ್ರಾಬ್ಲಮ್!"